ಈಜುಕೊಳದ ಪಕ್ಕದ ಸಂತ

ಹಳೆಯ ಕಲ್ಲನ್ನು ಹೊಸ ಶ್ರೀಮಂತರ ತೋಟದಲ್ಲಿ ಕೂರಿಸುವುದು ನನ್ನ ಕಸುಬು. ಮೂವತ್ತು ವರ್ಷ ಆಯಿತು. ಈ ಕಸುಬಿನಲ್ಲಿ ಮೊದಲು ಹೋಗುವುದು ಮಂಡಿ, ಆಮೇಲೆ ತಾಳ್ಮೆ. ನನಗೆ ಎರಡೂ ಉಳಿದಿಲ್ಲ. ಬೆಳಿಗ್ಗೆ ಎದ್ದರೆ ಮೊದಲ ಯೋಚನೆ, ಇವತ್ತು ಯಾವ ಸಿಂಹವನ್ನು ಯಾವ ಮೂಲೆಯಿಂದ ಯಾವ ಮೂಲೆಗೆ ಎಳೆಯಬೇಕೋ ಎನ್ನುವುದು. ಸಿಂಹಕ್ಕೆ ಬೇಜಾರಿಲ್ಲ, ನನಗಿದೆ.

ನನ್ನ ಹೆಸರು ಬ್ಲಾಜೆನಾ. ಜೊತೆಗಾರ ಲುದ್ವೀಕ್. ಕಲ್ಲು ನನ್ನದು, ಕಬ್ಬಿಣ ಅವನದು. ಅವನಿಗೆ ಅರವತ್ತೇಳು ವರ್ಷ. ಒಂದು ಕಿವಿ ಕೇಳುವುದಿಲ್ಲ, ಯಾವ ಕಿವಿ ಎನ್ನುವುದು ಕೆಲಸ ನೋಡಿಕೊಂಡು ಬದಲಾಗುತ್ತದೆ. ತೋಟದ ಒಡೆಯರಿಗೆ ಹಳೆಯದೇ ಬೇಕು, ಆದರೆ ಅಷ್ಟೊಂದು ಹಳೆಯದು ಎಲ್ಲಿಂದ ತರುವುದು? ಹಾಗಾಗಿ ನಿನ್ನೆ ಬೆಸೆದ ಗೇಟಿಗೆ ಲುದ್ವೀಕ್ ಉಪ್ಪು, ವಿನೆಗರ್ ಬಳಿದು ನೂರು ವರ್ಷದ ತುಕ್ಕು ತರಿಸುತ್ತಾನೆ. ನಾನು ಕಲ್ಲಿನ ಹೂಕುಂಡಗಳಿಗೆ ಹುಳಿ ಮಜ್ಜಿಗೆ ಸವರಿ ನೆರಳಿನಲ್ಲಿ ಇಡುತ್ತೇನೆ. ನಾಲ್ಕು ಮಳೆ ಬಿದ್ದರೆ ಪಾಚಿ ಹಿಡಿಯುತ್ತದೆ. ಇದನ್ನು ಮೋಸ ಎನ್ನುವವರು ಎನ್ನಲಿ. ಒಡೆಯರಿಗೆ ಗೊತ್ತು, ನಮಗೂ ಗೊತ್ತು, ಊಟಕ್ಕೆ ಬರುವ ನೆಂಟರಿಗೆ ಮಾತ್ರ ಗೊತ್ತಿರುವುದಿಲ್ಲ.

ಹೋದ ಸೆಪ್ಟೆಂಬರಿನಲ್ಲಿ ಇಂಜಿನಿಯರ್ ಹೋಶೆಕ್ ಅವರ ತೋಟದ ಕೆಲಸ ಬಂತು. ಆಸ್ಟ್ರಿಯದ ಗಡಿಗೆ ಅಂಟಿಕೊಂಡ ದ್ರಾಕ್ಷಿ ಗುಡ್ಡದ ಮೇಲೆ ಮನೆ. ಪ್ಲಾಸ್ಟಿಕ್ ಕಿಟಕಿ ಮಾಡಿ ಮಾಡಿ ಮೇಲೆ ಬಂದ ಮನುಷ್ಯ. ಹೆಸರಿನ ಜೊತೆ ಇಂಜಿನಿಯರ್ ಎಂದು ಸೇರಿಸದಿದ್ದರೆ ತಿರುಗಿಯೂ ನೋಡುವುದಿಲ್ಲ. ಗಡಿಯಾಚೆ ಯಾರೋ ಹಳೆಯ ವ್ಯಾಪಾರಿ ಅಂಗಡಿ ಮುಚ್ಚಿದನಂತೆ. ಅವನ ಅಂಗಳದಲ್ಲಿ ಇದ್ದದ್ದನ್ನೆಲ್ಲ ಇವರು ಕಣ್ಣುಮುಚ್ಚಿ ಕೊಂಡು ಮೂರು ಲಾರಿ ತುಂಬಿಸಿಕೊಂಡು ಬಂದಿದ್ದರು. ಎರಕದ ಕಬ್ಬಿಣದ ಬೆಂಚು, ಬಾವಿಯ ಕಟ್ಟೆ, ಮೂಗು ಹೋದ ದೇವಕನ್ಯೆಯರು, ಒಂದು ಜೊತೆ ಸಿಂಹ.

"ಬ್ಲಾಜೆನಾ ಅವ್ರೇ, ಸಿಂಹಗಳ ಮುಖ ಮನೆ ಕಡೆಗಿರ್ಲಿ" ಎಂದರು ಇಂಜಿನಿಯರ್.

"ಸಾಹೇಬ್ರೇ, ಸಿಂಹ ಇಡೋದು ಮನೆ ಕಾಯೋಕೆ. ಕಳ್ಳ ಹೊರಗಿಂದ ಬರ್ತಾನೆ."

"ಕಳ್ಳಂಗೆ ಕ್ಯಾಮೆರಾ ಹಾಕ್ಸಿದೀನಿ. ನಾನು ಊಟಕ್ಕೆ ಕೂತಾಗ ಸಿಂಹದ ಮುಖ ಕಾಣ್ಬೇಕು, ಹಿಂಭಾಗ ಅಲ್ಲ."

"ಅದರ ಪಾಚಿ ಉತ್ತರದ ಕಡೆ ಬೆಳೆದಿರೋದು. ದಕ್ಷಿಣಕ್ಕೆ ತಿರುಗಿಸಿದ್ರೆ ಒಣಗಿ ಉದುರತ್ತೆ, ಕಲ್ಲಿಗೆ ಬಿಳಿ ಮಚ್ಚೆ ಬೀಳತ್ತೆ."

"ಬಿದ್ರೆ ನಿಮ್ಮ ಮಜ್ಜಿಗೆ ಇದ್ಯಲ್ಲ, ಬಳೀರಿ."

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ತಿರುಗಿಸಿದೆವು. ಸಿಂಹಗಳು ಮನೆಯವರನ್ನೇ ಕಳ್ಳರೆಂದುಕೊಂಡು ನೋಡುತ್ತ ಕುಳಿತವು.

ಮೂರನೆಯ ಲಾರಿ ಬಿಚ್ಚಿದ್ದು ಮರುದಿನ. ಎಲ್ಲಕ್ಕಿಂತ ಅಡಿಯಲ್ಲಿ, ಕುದುರೆ ಕಂಬಳಿಯಲ್ಲಿ ಸುತ್ತಿ ಮಲಗಿಸಿದ್ದ ಒಂದು ಆಳುದ್ದದ ಮೂರ್ತಿ ಇತ್ತು. ಲುದ್ವೀಕ್ ಕಂಬಳಿ ಸರಿಸಿದ. ಸ್ವಲ್ಪ ಹೊತ್ತು ಅದರ ಮುಖ ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ಏ ಬ್ಲಾಜೆನಾ, ಇವ್ರು ನಿಮ್ಮ ಕಡೆಯೋರಾ?"

"ಯಾರು?"

"ಈ ಪಾದ್ರಿ. ಮೂಗು ನೋಡು. ಅಳತೆ ತಗೊಂಡು ಮಾಡ್ದಂಗಿದೆ."

ನಾನು ಹತ್ತಿರ ಹೋದೆ. ಅದು ನಮ್ಮೂರು ಯಾವೊರ್ಕದ ಸೇತುವೆಯ ಸಂತ ಯಾನ್.

ರಾಣಿ ಹೇಳಿಕೊಂಡ ಗುಟ್ಟನ್ನು ಬಾಯಿಬಿಡಲಿಲ್ಲವೆಂದು ರಾಜ ಹೊಳೆಗೆ ಎಸೆಸಿದ ಪಾದ್ರಿ ಅವನು. ಅದಕ್ಕೇ ನಮ್ಮ ಮೊರಾವಿಯ ಸೀಮೆಯಲ್ಲಿ ಸೇತುವೆ ಇದ್ದಲ್ಲೆಲ್ಲ ಅವನಿರುತ್ತಾನೆ. ಎಲ್ಲ ಕಡೆ ಅವನಿಗೆ ಸಣ್ಣ ಮೂಗು, ಸಾಧುವಿನ ಮೂಗು. ಯಾವೊರ್ಕದವನಿಗೆ ಮಾತ್ರ ದೊಡ್ಡ, ಬೆನ್ನು ಬಾಗಿದ ಮೂಗು. ನಾನು ಏಳು ವರ್ಷದವಳಾಗಿದ್ದಾಗ ಹೊಳೆ ಉಕ್ಕಿ ಅವನನ್ನು ಪೀಠದಿಂದ ಕಿತ್ತುಕೊಂಡು ಹೋಗಿತ್ತು. ಊರವರು ಕೆಸರಿನಿಂದ ಎತ್ತಿ ತಂದಾಗ ಮೂಗೂ ಇರಲಿಲ್ಲ, ಎರಡು ಬೆರಳೂ ಇರಲಿಲ್ಲ. ಕಲ್ಲುಕುಟಿಗನಾದ ನನ್ನ ಅಪ್ಪ ಮೆತೋದೆಯ್ ಅವನ್ನು ಹೊಸದಾಗಿ ಕೆತ್ತಿ ಕೂರಿಸಿದ. ಮೂಗಿಗೆ ಮಾದರಿ ಬೇಕಾದಾಗ ಕನ್ನಡಿ ನೋಡಿಕೊಂಡನೋ ಏನೋ. ಊರೆಲ್ಲ ನಕ್ಕಿತು. "ಸಂತನಿಗೆ ಈಗ ಹೆಂಡದ ವಾಸನೆ ಚೆನ್ನಾಗಿ ಹತ್ತತ್ತೆ" ಎಂದರು. ಆದರೆ ಒಂದು ಮಾತಿಗೆ ಯಾರೂ ಎದುರಾಡಲಿಲ್ಲ: ಮೆತೋದೆಯ್ ಕೂರಿಸಿದ್ದು ಇನ್ನು ಅಲ್ಲಾಡುವುದಿಲ್ಲ.

ತೊಂಬತ್ತಮೂರರ ಶರತ್ಕಾಲದಲ್ಲಿ ಒಂದು ಬೆಳಿಗ್ಗೆ ನೋಡಿದರೆ ಪೀಠ ಖಾಲಿ. ಆಗ ಕಮ್ಯುನಿಸ್ಟ್ ಆಳ್ವಿಕೆ ಮುಗಿದು ಗಡಿ ತೆರೆದ ಹೊಸದು. ವಾರಕ್ಕೊಬ್ಬ ಸಂತ, ತಿಂಗಳಿಗೊಂದು ಶಿಲುಬೆ ಮಾಯವಾಗಿ ಆಚೆ ಕಡೆಯ ತೋಟಗಳಲ್ಲಿ ಏಳುತ್ತಿದ್ದ ಕಾಲ. ಎಲ್ಲ ಕಡೆ ಕಳ್ಳರು ಗರಗಸ ಹಾಕಿ, ಪೀಠ ಒಡೆದು, ಪಾದವನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ನಮ್ಮಲ್ಲಿ ಒಂದು ಚೂರು ಕಲ್ಲೂ ಬಿದ್ದಿರಲಿಲ್ಲ. ಪೀಠದ ನಡುವೆ ಒಂದು ಚೌಕ ಗುಂಡಿ, ತೊಳೆದಿಟ್ಟ ಹಾಗೆ.

ಕಲ್ಲಿನ ಮೂರ್ತಿಯನ್ನು ಪೀಠಕ್ಕೆ ಸೇರಿಸುವುದು ಕಬ್ಬಿಣದ ಗೂಟದಿಂದ. ಅರ್ಧ ಗೂಟ ಮೂರ್ತಿಯೊಳಗೆ, ಅರ್ಧ ಪೀಠದೊಳಗೆ, ಸುತ್ತಲೂ ಕಾದ ಸೀಸ ಹುಯ್ದು ಬಿಗಿ ಮಾಡುತ್ತೇವೆ. ಅದನ್ನು ಮುರಿಯದೆ ತೆಗೆಯಬೇಕಾದರೆ ಸೀಸ ಕರಗಿಸಬೇಕು. ಎಲ್ಲಿಂದ, ಎಷ್ಟು ಶಾಖ ಕೊಡಬೇಕು ಎನ್ನುವುದು ಹುಯ್ದವನಿಗೆ ಗೊತ್ತು. ಊರವರು ಗುಂಡಿ ನೋಡಿದರು, ಆಮೇಲೆ ಅಪ್ಪನನ್ನು ನೋಡಿದರು. ಸಾಲದ್ದಕ್ಕೆ ಅಪ್ಪ ಅದೇ ತಿಂಗಳು ಎರಡು ವಾರ ಆಸ್ಟ್ರಿಯದಲ್ಲಿ ಕೂಲಿ ಮಾಡಿ ಬರುವಾಗ ಅಮ್ಮನಿಗೆ ಒಂದು ಜೊತೆ ಬೂಟು ತಂದಿದ್ದ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದರು. ಪೊಲೀಸರು ಬಂದರು, ಹೋದರು, ಯಾವ ಸಾಕ್ಷಿಯೂ ಸಿಗಲಿಲ್ಲ. ಆದರೆ ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಹೆಂಡದಂಗಡಿಯಲ್ಲಿ ಅಪ್ಪ ಕೂತ ಮೇಜಿಗೆ ಮತ್ತೆ ಯಾರೂ ಬರಲಿಲ್ಲ. ಮರುವರ್ಷ ಅಮ್ಮ ಸತ್ತಳು. ಅಪ್ಪ ಇನ್ನೂ ಹತ್ತು ವರ್ಷ ಬದುಕಿದ. ಅವನ ಹೆಣ ಹೊರಲು ಆರು ಜನ ಬೇಕಿತ್ತು, ಊರಿನಿಂದ ಬಂದವರು ಇಬ್ಬರು. ಉಳಿದ ನಾಲ್ವರನ್ನು ಪೇಟೆಯಿಂದ ಕರೆಸಿದೆ.

ನಾನು ಗಂಡನನ್ನು ಬಿಟ್ಟು ಬಂದು ಅಪ್ಪನ ಜೊತೆಗೇ ಇದ್ದವಳು. ಹನ್ನೊಂದು ವರ್ಷ ಅವನ ಪರವಾಗಿ ನಿಂತೆ. ಆ ವಿಷಯವನ್ನು ಮನೆಯಲ್ಲಿ ಒಮ್ಮೆಯೂ ಎತ್ತದೆ ಅವನನ್ನು ನೋಡಿಕೊಂಡೆ. ಇಷ್ಟನ್ನಾದರೂ ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಈಗ ಆ ಸಂತ ಹೋಶೆಕ್ ಅವರ ಹುಲ್ಲಿನ ಮೇಲೆ ಅಂಗಾತ ಮಲಗಿದ್ದ. ಮಲಗಿಸಿದ್ದ ರೀತಿಗೆ ಅವನ ಪಾದದಡಿ ಲಾರಿಯಿಂದ ಇಳಿಸಿಟ್ಟ ಹಲಗೆಗೆ ಒತ್ತಿಕೊಂಡಿತ್ತು, ಕಾಣುತ್ತಿರಲಿಲ್ಲ. ಆದರೆ ಉತ್ತರ ಇದ್ದದ್ದು ಅಲ್ಲೇ. ಅಲ್ಲಿ ಗರಗಸದಲ್ಲಿ ಕೊಯ್ದ ಕಬ್ಬಿಣದ ಮೋಟು ಇದ್ದರೆ, ಕೊಯ್ದು ಪೀಠದೊಳಗಿನ ತುಂಡನ್ನೂ ಕಿತ್ತುಕೊಂಡು ಹೋದವರು ಯಾರೋ ಹೊರಗಿನವರು. ಗೂಟ ಇಡಿಯಾಗಿದ್ದು ಕರಗಿದ ಸೀಸ ಅಂಟಿಕೊಂಡಿದ್ದರೆ ತೆಗೆದದ್ದು ಅಪ್ಪ. ಬಗ್ಗಿ ನೋಡುವಷ್ಟೇ ಕೆಲಸ. ನಾನು ಮೂರು ದಿನ ನೋಡಲಿಲ್ಲ.

ಮೊದಲು ಬೆಂಚು ಕೂರಿಸಿದೆ. ಆಮೇಲೆ ಬಾವಿಕಟ್ಟೆ. ಆಮೇಲೆ ಯಾರೂ ಕೇಳದಿದ್ದರೂ ಹೂಕುಂಡಗಳ ಕೆಳಗಿನ ಜಲ್ಲಿಯನ್ನೆಲ್ಲ ತೆಗೆದು ಮತ್ತೆ ಹಾಕಿದೆ. ಲುದ್ವೀಕ್‌ಗೆ ಎರಡನೆಯ ದಿನವೇ ಎಲ್ಲ ಹೇಳಿದ್ದೆ. ಅವನು ಹಂದಿ ಕೊಬ್ಬು ಸವರಿದ ರೊಟ್ಟಿ ತಿನ್ನುತ್ತ ಕೇಳಿಸಿಕೊಂಡ. ಎರಡು ಕಿವಿಯೂ ಚೆನ್ನಾಗಿಯೇ ಕೇಳಿಸಿದವು.

"ನೋಡ್ಬಿಡು. ನೋಡ್ದಿದ್ರೆ ನಿದ್ದೆ ಬರಲ್ಲ, ನೋಡಿದ್ರೂ ಬರಲ್ಲ. ಬೆನ್ನುನೋವಾದ್ರೂ ಕಮ್ಮಿ ಆಗತ್ತೆ" ಎಂದ.

ನಾಲ್ಕನೆಯ ದಿನ ಇಂಜಿನಿಯರ್ ಬಂದು ಸಂತನನ್ನು ಈಜುಕೊಳದ ಪಕ್ಕ ನಿಲ್ಲಿಸಿ ಎಂದರು. ನೀರಿನ ಸಂತ, ನೀರಿನ ಹತ್ತಿರ ಇರಲಿ ಎಂದು ಅವರ ಲೆಕ್ಕ. ಅವರ ಹೆಂಡತಿ ಬಾಲ್ಕನಿಯಿಂದಲೇ ಕೂಗಿದರು. "ನಾನು ಈಜೋ ಬಟ್ಟೇಲಿ ಇರ್ವಾಗ ಪಾದ್ರಿ ನನ್ನ ನೋಡ್ತಾ ನಿಲ್ಲೋದು ಬೇಡ!"

"ಅವ್ನು ಯಾರಿಗೂ ಹೇಳಲ್ಲ ಕಣೇ, ಅದಕ್ಕೇ ಹೆಸರುವಾಸಿ" ಎಂದರು ಗಂಡ.

ಗಂಡ ಹೆಂಡತಿ ವಾದ ಮಾಡುತ್ತಿರುವಾಗಲೇ ಲುದ್ವೀಕ್ ಮುಕ್ಕಾಲಿ ಕಂಬ ನೆಟ್ಟು ಸರಪಳಿ ರಾಟೆ ಕಟ್ಟಿದ. ನನ್ನನ್ನು ಕೇಳಲಿಲ್ಲ. ಸಂತ ಕಿರುಗುಟ್ಟುತ್ತ ಎದ್ದು ನಿಂತ, ನೆಲ ಬಿಟ್ಟ. ನಾನು ಮಂಡಿಯೂರಿ ಅವನ ಕೆಳಗೆ ತಲೆ ಹಾಕಿದೆ.

ಅಲ್ಲಿ ಕಬ್ಬಿಣವೇ ಇರಲಿಲ್ಲ. ಸೀಸವೂ ಇರಲಿಲ್ಲ. ಚೌಕ ಗುಂಡಿಯಲ್ಲಿ ಒಂದು ಓಕ್ ಮರದ ಗೂಟ, ಅರ್ಧ ಕೊಳೆತು, ಸಾಗಿಸುವಾಗಲೆಲ್ಲೋ ಮುರಿದದ್ದು, ಸುತ್ತ ಒಂದಿಷ್ಟು ಸುಣ್ಣದ ಗಾರೆ. ಕಲ್ಲಿನ ಮೇಲೆ ಎಲ್ಲಿಯೂ ತುಕ್ಕಿನ ಕಲೆಯಿಲ್ಲ. ಅಂದರೆ ಕಬ್ಬಿಣ ಅಲ್ಲಿ ಯಾವತ್ತೂ ಇರಲೇ ಇಲ್ಲ. ಅಪ್ಪ ಸಂತನನ್ನು ಮರದ ತುಂಡಿನ ಮೇಲೆ ನಿಲ್ಲಿಸಿ, ಗಾರೆ ಮೆತ್ತಿ, ಕೈ ತೊಳೆದುಕೊಂಡಿದ್ದ. ಇಪ್ಪತ್ತು ವರ್ಷ ಸಂತ ತನ್ನ ಭಾರಕ್ಕೆ ತಾನೇ ನಿಂತಿದ್ದ. ಒಂದು ಲಾರಿ, ಒಂದು ಹಗ್ಗ, ಇಬ್ಬರು ಗಂಡಸರು ಇದ್ದರೆ ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದಿತ್ತು.

ಅಪ್ಪ ಕಳ್ಳನಲ್ಲ. ಆ ಖುಷಿ ಒಂದು ಉಸಿರಿನಷ್ಟು ಹೊತ್ತು ಇತ್ತು. "ಸೀಸ ಹುಯ್ಯದ ಕಲ್ಲು ನಿಂತಿರೋದಿಲ್ಲ, ನಿಂತ ಹಾಗೆ ನಟಿಸ್ತಿರತ್ತೆ" ಎಂದು ನನಗೆ ಹೇಳಿಕೊಟ್ಟವನು ಅವನೇ. ನಮ್ಮ ಕಸುಬಿನಲ್ಲಿ ಇದಕ್ಕಿಂತ ಕೀಳು ಕೆಲಸ ಇಲ್ಲ. ಮಕ್ಕಳು ಆಡುವ ಸೇತುವೆಯ ಮೇಲೆ ಅಷ್ಟು ಭಾರವನ್ನು ಹಾಗೆ ನಿಲ್ಲಿಸಿದವನನ್ನು ನಾನಾದರೆ ಕೆಲಸದಿಂದ ಓಡಿಸುತ್ತಿದ್ದೆ. ಅವನು ಯಾಕೆ ಬಾಯಿಬಿಡಲಿಲ್ಲ ಎನ್ನುವುದು ಆಗ ಅರ್ಥವಾಯಿತು ಎಂದುಕೊಂಡೆ. ತಾನು ಕಳ್ಳನಲ್ಲ ಎಂದು ಹೇಳಬೇಕಾದರೆ ತಾನು ಕೆಟ್ಟ ಕೆಲಸಗಾರ ಎಂದು ಹೇಳಬೇಕಿತ್ತು. ಕಲ್ಲುಕುಟಿಗರು ಎಷ್ಟು ಜಂಬದವರೆಂದರೆ ಕಳ್ಳ ಎನಿಸಿಕೊಳ್ಳುವುದನ್ನೇ ಆರಿಸಿಕೊಳ್ಳುತ್ತಾರೆ.

ನಾನು ಇಂಜಿನಿಯರ್ ಹೋಶೆಕ್ ಅವರಿಗೆ ಮೂರ್ತಿ ಎಲ್ಲಿಯದೆಂದು ಹೇಳಿದೆ. ಅವರ ಮುಖ ಸುಣ್ಣವಾಯಿತು. "ಕಳ್ಳಮಾಲಾ? ನನ್ನ ಹೆಸರು ಎಲ್ಲೂ ಬರಬಾರ್ದು, ಬ್ಲಾಜೆನಾ ಅವ್ರೇ. ಇವತ್ತೇ ತಗೊಂಡ್ಹೋಗಿ." ಐದು ನಿಮಿಷ ಯೋಚಿಸಿದ ಮೇಲೆ ಮತ್ತೆ ಬಂದರು. "ಸೇತುವೆ ಮೇಲೆ ಒಂದು ಸಣ್ಣ ಫಲಕ ಹಾಕ್ಸಿದ್ರೆ ಹೇಗೆ? ಇಂಜಿನಿಯರ್ ಹೋಶೆಕ್ ಅವರ ಕೊಡುಗೆ ಅಂತ?" ನೋಡೋಣ ಎಂದೆ. ಪೊಲೀಸರಿಗೆ ಕಾಗದ ಬರೆದದ್ದಾಯಿತು, ಊರಿನ ಪಂಚಾಯ್ತಿಗೆ ಫೋನು ಮಾಡಿದ್ದಾಯಿತು. ಒಂದು ತಿಂಗಳಲ್ಲಿ ಅಪ್ಪಣೆ ಬಂತು: ತಂದು ನಿಲ್ಲಿಸಿ.

ಆ ತಿಂಗಳಲ್ಲಿ ನಾನು ಮಾಡಿದ ಕೆಲಸವನ್ನು ಹೇಳಲೇಬೇಕು.

"ಲುದ್ವೀಕ್, ನನಗೊಂದು ಗೂಟ ಬೇಕು. ಅಂಗೈಯಷ್ಟು ಉದ್ದ, ಚೌಕದ್ದು. ಒಂದು ಕಡೆ ಸೀಸ ಅಂಟಿರ್ಬೇಕು, ಇನ್ನೊಂದು ಕಡೆ ಗರಗಸ ಹಾಕಿ ಕೊಯ್ದಂಗಿರ್ಬೇಕು. ಐವತ್ತು ವರ್ಷದ ತುಕ್ಕು."

ಅವನು ತನ್ನ ಪೈಪು ತುಂಬುವುದನ್ನು ನಿಲ್ಲಿಸಿದ. "ಕೊಯ್ದ ಕಡೆಗೆ ಮೂವತ್ತು ವರ್ಷದ್ದು ಸಾಕಲ್ವಾ? ಕದ್ದಿದ್ದು ತೊಂಬತ್ತಮೂರರಲ್ಲಿ."

"ಹೂಂ. ಮೂವತ್ತು."

"ತೋಟಕ್ಕೆ ತುಕ್ಕು ಹಿಡ್ಸೋದು ಬೇರೆ, ಬ್ಲಾಜೆನಾ. ಇದು ಬೇರೆ."

"ನನಗೆ ಗೊತ್ತಿಲ್ವಾ? ಅವ್ನು ಕಳ್ಳ ಅಂತ ಸತ್ತ. ಈಗ ಹೋಗಿ ಕಳ್ಳ ಅಲ್ಲ, ಕೆಲಸಗಳ್ಳ ಅಂತ ಹೇಳ್ಲಾ? ಎರಡೂ ಬೇಡ. ಸತ್ತ ಮೇಲಾದ್ರೂ ಒಂದು ದಿನ ತಲೆ ಎತ್ಕೊಂಡಿರ್ಲಿ."

ಅವನು ಪೈಪು ತುಂಬಿ ಹೊತ್ತಿಸಿಕೊಂಡ. ವಾರ ಕಳೆದ ಮೇಲೆ ಗೂಟವನ್ನು ಹಳೆ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ. ನಾನೇ ಮಾಡಿಸದಿದ್ದರೆ ನಾನೇ ನಂಬುತ್ತಿದ್ದೆ. ಸಂತನ ಪಾದದಡಿಯ ಗುಂಡಿಗೆ ಒಂದು ಚಿಂದಿ ತುರುಕಿ ಮುಚ್ಚಿದೆ. ಕೇಳಿದರೆ ಮಳೆನೀರು ಹೋಗದಿರಲಿ ಎಂದು ಹೇಳಬಹುದು. ಓಕ್ ತುಂಡನ್ನು ಕೊರೆದು ತೆಗೆಯುವುದು ಸೇತುವೆಯ ಮೇಲೇ ಆಗಬೇಕಿತ್ತು, ಪೀಠದ ಗುಂಡಿಗೆ ಹೊಂದಬೇಕಲ್ಲ. ಎಲ್ಲರೂ ಚದುರಿದ ಮೇಲೆ ಕೊರೆದರಾಯಿತು ಎಂದುಕೊಂಡೆ.

ಅಕ್ಟೋಬರಿನ ಒಂದು ಗುರುವಾರ ಯಾವೊರ್ಕಕ್ಕೆ ಹೋದೆವು. ಅಪ್ಪನ ಮನೆ ಮಾರಿದ ಮೇಲೆ ನಾನು ಆ ಸೇತುವೆ ದಾಟಿರಲಿಲ್ಲ. ಊರಿನ ಇಪ್ಪತ್ತು ಜನ ಬಂದಿದ್ದರು, ಮುಕ್ಕಾಲು ಜನ ಮುದುಕರು. ಗಸಗಸೆ ತುಂಬಿದ ಕೊಲಾಚ್ ಬನ್ನುಗಳು ಒಂದು ತಟ್ಟೆಯಲ್ಲಿ, ಪ್ಲಮ್ ಸಾರಾಯಿ ಒಂದು ಸೀಸೆಯಲ್ಲಿ. ಅವರ ಮುಂದೆ ಮಡಚುವ ಕುರ್ಚಿಯಲ್ಲಿ, ನೆಂಟಳಲ್ಲದಿದ್ದರೂ ನಾನು ಚಿಕ್ಕಂದಿನಿಂದ ಅತ್ತೆ ಎನ್ನುವ ಯುಸ್ತಿನಾ ಕುಳಿತಿದ್ದಳು. ಎಂಬತ್ತನಾಲ್ಕು ವರ್ಷ. ಚರ್ಚಿನ ಬೀಗದ ಕೈ ನಲವತ್ತು ವರ್ಷದಿಂದ ಅವಳ ಸೊಂಟದಲ್ಲಿದೆ. ಪಾದ್ರಿಗಳು ಬಂದರು, ಹೋದರು. ಊರಿನಲ್ಲಿ ಯಾರು ಒಳ್ಳೆಯವರು, ಯಾರು ಕೆಟ್ಟವರು ಎನ್ನುವುದನ್ನು ತೀರ್ಮಾನಿಸಿದವಳು ಅವಳು. ಅಪ್ಪನ ವಿಷಯವನ್ನೂ ಅವಳೇ ತೀರ್ಮಾನಿಸಿದ್ದಳು.

"ಏನೇ ಬ್ಲಾಜೆನ್ಕಾ, ಸಣ್ಣಗಾಗಿದೀಯ. ತಿಂತೀಯೋ ಇಲ್ವೋ?"

"ತಿಂತೀನಿ ಅತ್ತೆ. ಕಲ್ಲು ಹೊರ್ತೀನಲ್ಲ, ಅದು ತಿಂದಿದ್ದನ್ನೆಲ್ಲ ತಿನ್ನತ್ತೆ."

"ಮೂಗು ಮಾತ್ರ ಹಂಗೇ ಇದೆ" ಎಂದಳು. ಎಲ್ಲರೂ ನಕ್ಕರು.

ಸಂತ ರಾಟೆಯ ಸರಪಳಿಯಲ್ಲಿ ಪೀಠದ ಮೇಲೆ, ಎದೆಯೆತ್ತರದಲ್ಲಿ ತೂಗುತ್ತಿದ್ದ. ಲುದ್ವೀಕ್ ಪಕ್ಕದಲ್ಲಿ ಒಲೆ ಹೊತ್ತಿಸಿ ಸೀಸ ಕಾಯಿಸಲು ಇಟ್ಟಿದ್ದ. ನಾನು ಜೇಬಿನಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದೆ. ನನ್ನ ದನಿ ನಡುಗುತ್ತದೇನೋ ಎಂದು ಹೆದರಿದ್ದೆ, ನಡುಗಲಿಲ್ಲ. ಅಷ್ಟು ದಣಿದಿದ್ದೆ.

"ಇದು ಇವ್ರ ಕಾಲ ಕೆಳಗೆ ಸಿಕ್ತು. ಅಪ್ಪ ಹಾಕಿದ ಗೂಟ. ನೋಡಿ, ಗರಗಸದಲ್ಲಿ ಕೊಯ್ದಿದಾರೆ, ಪೀಠದೊಳಗಿನ ತುಂಡನ್ನೂ ಕಿತ್ಕೊಂಡು ಹೋಗಿದಾರೆ. ಹುಯ್ದವನು ಯಾಕೆ ಕೊಯ್ತಾನೆ? ತೆಗೆದೋರು ಹೊರಗಿನೋರು."

ಗೂಟ ಕೈಯಿಂದ ಕೈಗೆ ಹೋಯಿತು. ಹೆಂಡದಂಗಡಿ ನಡೆಸುತ್ತಿದ್ದವನು ಅದನ್ನು ತೂಗಿ ನೋಡಿದ. "ಸೀಸ ಅಂದ್ರೆ ಮೆತೋದೆಯ್ ಸೀಸ. ಇವತ್ತಿಗೂ ಬಿಟ್ಟಿಲ್ಲ ನೋಡಿ" ಎಂದ. ಇನ್ನೊಬ್ಬ ಟೋಪಿ ತೆಗೆದ. ಯಾರೋ ಹೆಂಗಸು ನನ್ನ ಭುಜ ಮುಟ್ಟಿ "ನಮ್ಮಿಂದ ತಪ್ಪಾಯ್ತು ಕಣಮ್ಮ" ಎಂದಳು. ಮೂವತ್ತು ವರ್ಷ ಕಾದ ಮಾತು. ಅದು ಎಷ್ಟು ರುಚಿಯಾಗಿತ್ತು ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ.

ಕೊನೆಗೆ ಗೂಟ ಯುಸ್ತಿನಾ ಅತ್ತೆಯ ಕೈಗೆ ಬಂತು. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸವರಿದಳು. ಅಳುತ್ತಾಳೆ ಎಂದುಕೊಂಡೆ. ತಲೆ ಎತ್ತಿದಾಗ ಅವಳ ಮುಖದಲ್ಲಿ ಸಿಟ್ಟಿತ್ತು.

"ಹಂಗಾದ್ರೆ ನಿಮ್ಮಪ್ಪ ನನ್ನ ಹತ್ರ ಸುಳ್ಳು ಹೇಳ್ದ."

"ಏನು ಸುಳ್ಳು, ಅತ್ತೆ?"

"ಸಂತ ಕಳುವಾದ ವಾರಾನೇ ನಿಮ್ಮಪ್ಪ ನಮ್ಮ ಅಡುಗೆಮನೆಗೆ ಬಂದಿದ್ದ. ಟೋಪಿ ಕೈಲಿ ಹಿಡ್ಕೊಂಡು ನಿಂತ. ನಾನು ನೇರ ಕೇಳ್ದೆ, ನೀನೇ ತೆಗೆದ್ಯಾ ಮೆತೋದೆಯ್ ಅಂತ. ಇಲ್ಲ ಯುಸ್ತಿನಾ, ಅದರಲ್ಲಿ ಗೂಟಾನೇ ಇರ್ಲಿಲ್ಲ, ಯಾರ್ ಬೇಕಾದ್ರೂ ಎತ್ಬಹುದಿತ್ತು ಅಂದ. ಸಂತನ ಹಬ್ಬಕ್ಕೆ ನಿಲ್ಸೋಕೆ ಆಗಿನ ಪಾರ್ಟಿಯೋರು ಒಂದೇ ದಿನ ಅಪ್ಪಣೆ ಕೊಟ್ಟಿದ್ರಲ್ಲ, ಆ ಅವಸರಕ್ಕೆ ಮರದ ತುಂಡಿನ ಮೇಲೆ ನಿಲ್ಸಿದ್ನಂತೆ. ಹಬ್ಬ ಮುಗಿದ ಮೇಲೆ ಎತ್ತಿ ಸೀಸ ಹುಯ್ಯೋಣ ಅಂತಿದ್ನಂತೆ. ಆಮೇಲೆ ಸಹಕಾರಿ ಸಂಘದ ಕ್ರೇನ್ ಮತ್ತೆ ಬರ್ಲಿಲ್ಲ, ಊರೋರೆಲ್ಲ ಹೊಗಳಿದ್ರು, ಹೇಳೋಕೆ ಬಾಯಿ ಬರ್ಲಿಲ್ಲ ಅಂದ. ಅಳ್ತಿದ್ದ."

ಸರಪಳಿ ಒಮ್ಮೆ ಕಿರುಗುಟ್ಟಿತು.

"ನಾನು ಬೈದೆ" ಎಂದಳು ಯುಸ್ತಿನಾ ಅತ್ತೆ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತೀಯಲ್ಲೋ ಅಂದೆ. ಸಂತನ್ನ ಗೂಟ ಇಲ್ದೆ ನಿಲ್ಲಿಸೋ ಕೆಲಸಗಾರ ನಮ್ಮೂರಲ್ಲಿ ಹುಟ್ಟಿಲ್ಲ, ನೀನಂತೂ ಅಲ್ಲ, ಕದ್ದಿದ್ದನ್ನ ಮುಚ್ಚೋಕೆ ನಿನ್ನ ಕೆಲಸದ ಮೇಲೇ ಉಗುಳ್ಕೋತೀಯಾ ಅಂತ ಬಾಗಿಲು ತೋರಿಸ್ದೆ. ಆಮೇಲೆ ಎಷ್ಟೋ ರಾತ್ರಿ ಯೋಚನೆ ಮಾಡಿದೀನಿ ಕಣೇ, ನಿಜಾನೇ ಹೇಳಿದ್ನೇನೋ ಪಾಪ ಅಂತ. ಈಗ ಗೂಟ ಇಲ್ಲಿದೆ. ಸದ್ಯ. ನಾನೇ ಸರಿ. ಕದ್ದೋನು ಅವ್ನಲ್ದೇ ಇರ್ಬಹುದು, ಆದ್ರೆ ಸಂತನ ಹೆಸ್ರಲ್ಲಿ ನನ್ನ ಮುಂದೆ ನಿಂತು ಸುಳ್ಳು ಹೇಳ್ದ. ಕದೀದೇ ಇದ್ದೋನು ಯಾಕೆ ಹಂಗೆ ಸುಳ್ಳು ಹೇಳ್ತಾನೆ, ನೀನೇ ಹೇಳು."

ಹಿಂದೆ ಯಾರೋ ಹೂಂಗುಟ್ಟಿದರು. ಟೋಪಿ ತೆಗೆದಿದ್ದವನು ಮತ್ತೆ ಹಾಕಿಕೊಂಡ.

ಲುದ್ವೀಕ್ ನನ್ನ ಕಡೆ ನೋಡಲಿಲ್ಲ. ಒಲೆಯ ಮೇಲಿನ ಸೀಸವನ್ನೇ ನೋಡುತ್ತಿದ್ದ. ಇಡೀ ಜೀವಮಾನದಲ್ಲಿ ಅಪ್ಪ ಒಬ್ಬರ ಮುಂದೆ ತನ್ನ ಮಾನ ಬಿಚ್ಚಿಟ್ಟು ನಿಜ ಹೇಳಿದ್ದ. ಅದನ್ನು ಸುಳ್ಳು ಮಾಡುವ ಸಾಕ್ಷಿಯನ್ನು ನಾನು ಉಪ್ಪು, ವಿನೆಗರ್ ಹಾಕಿ ಬೇಯಿಸಿ ತಂದಿದ್ದೆ.

"ಅತ್ತೆ, ಆ ಗೂಟ ಹೋದ ತಿಂಗಳು ಮಾಡಿದ್ದು" ಎಂದೆ.

"ಏನಂದೆ?"

"ಲುದ್ವೀಕ್ ಮಾಡ್ದ, ನಾನು ಮಾಡಿಸ್ದೆ. ತುಕ್ಕು ನಮ್ಮದು. ಅಪ್ಪ ನಿಮ್ಮ ಹತ್ರ ಹೇಳಿದ್ದು ನಿಜ."

"ಈಗ ನಿಮ್ಮಪ್ಪನ್ನ ಉಳಿಸ್ಕೊಳ್ಳೋಕೆ ನೀನು ಸುಳ್ಳು ಹೇಳ್ತಿದೀಯ."

"ಸುಳ್ಳು ಹೇಳಿದ್ದು ಆಗ್ಲೇ. ಬನ್ನಿ, ನೀವೇ ನೋಡಿ."

ನಾನು ಸಂತನ ಪಾದದಡಿಯಿಂದ ಚಿಂದಿ ಎಳೆದು ಬಿಸಾಕಿದೆ. ಇಬ್ಬರು ಅವಳನ್ನು ಕುರ್ಚಿಯಿಂದ 'ಬೇಡ ಅಜ್ಜಿ' ಎನ್ನುತ್ತಲೇ ಎಬ್ಬಿಸಿದರು. ಬಗ್ಗಿದಳು. ತೂಗುತ್ತಿದ್ದ ಅಷ್ಟು ಭಾರದ ಕೆಳಗೆ ಕೈ ಹಾಕಿ ಗುಂಡಿಯೊಳಗೆ ಬೆರಳು ತೂರಿಸಿದಳು. ಒಳಗೆ ತಡಕಾಡಿದಳು, ಉಗುರಿನಲ್ಲಿ ಕೆರೆದಳು. ಬೆರಳು ಹೊರಗೆ ಬಂದಾಗ ತುದಿಗೆ ಕಂದು ಬಣ್ಣದ ಮರದ ಪುಡಿ ಮೆತ್ತಿತ್ತು. ಮೂಸಿದಳು.

"ಓಕ್" ಎಂದಳು.

ಆಮೇಲೆ ಕುರ್ಚಿಗೆ ವಾಪಸು ಹೋಗಲಿಲ್ಲ. ಸೇತುವೆಯ ಕಟ್ಟೆ ಹಿಡಿದುಕೊಂಡು ನಿಂತಳು.

"ಹತ್ತು ವರ್ಷ ಬದುಕಿದ್ದ ಆಮೇಲೆ. ದಿನಾ ನಮ್ಮ ಬಾಗಿಲ ಮುಂದೇನೇ ಹೋಗ್ತಿದ್ದ" ಎಂದಳು. "ನಾನು ಕೇಳಿದ್ದೆ, ಅವ್ನು ಹೇಳಿದ್ದ. ನಂಬ್ಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿದಳು.

"ಗೂಟ ಇಲ್ಲ ಅಂತ ನಿನಗೆ ಗೊತ್ತಿದ್ದೂ ಯಾಕೇ ಇಷ್ಟು ವರ್ಷ ಸುಮ್ನಿದ್ದೆ? ಮನೇಲಿ ಹೇಳಿರ್ತಾನಲ್ಲ."

"ಗೊತ್ತಿರ್ಲಿಲ್ಲ ಅತ್ತೆ. ಹೋದ ತಿಂಗಳು ನೋಡಿದ ಮೇಲೇ ಗೊತ್ತಾಗಿದ್ದು."

"ನಿನಗೆ ಹೇಳ್ಲಿಲ್ವಾ? ನನಗೆ ಹೇಳ್ದೋನು?"

"ಇಲ್ಲ."

"ಯಾಕೆ?"

ಇಪ್ಪತ್ತು ಜನ ನನ್ನನ್ನೇ ನೋಡುತ್ತಿದ್ದರು. ಸೀಸ ಕರಗಿತ್ತು, ಲುದ್ವೀಕ್ ಸೌಟು ಹಿಡಿದು ಕಾಯುತ್ತಿದ್ದ.

"ನಾನು ಕೇಳ್ಲಿಲ್ಲ" ಎಂದೆ.

ಹನ್ನೊಂದು ವರ್ಷ ಒಂದೇ ಮೇಜಿನಲ್ಲಿ ಉಂಡೆವು. ಅವನ ಬಟ್ಟೆ ಒಗೆದೆ, ಕಾಲಿಗೆ ಎಣ್ಣೆ ತಿಕ್ಕಿದೆ, ಊರಿನ ವಿಷಯ ಬಂದಾಗಲೆಲ್ಲ ಮಾತು ಬದಲಿಸಿದೆ. ಅವನು ಎಷ್ಟೋ ಸಲ ಚಮಚ ಕೆಳಗಿಟ್ಟು ನನ್ನ ಮುಖ ನೋಡುತ್ತಿದ್ದ. ನಾನು "ಇರ್ಲಿ ಅಪ್ಪ, ಊಟ ಮಾಡು" ಎನ್ನುತ್ತಿದ್ದೆ. ಅವನೇ ಕದ್ದವನೆಂದು ಮೊದಲ ದಿನವೇ ನಂಬಿದ್ದೆ. ಏನನ್ನೂ ಕೇಳದೆ ಕ್ಷಮಿಸಿಯೂ ಬಿಟ್ಟಿದ್ದೆ.